ಹನ್ನೊಂದು ಕಲ್ಲಿಗೆ ಕಾವು

"ಹೊಟ್ಟೆಯ ಕೆಳಗೆ ಹನ್ನೊಂದು, ಒಂದನ್ನೂ ಅವಳು ಇಟ್ಟದ್ದಲ್ಲ. ಮೂವತ್ತು ದಿನ ಕೂತಳು, ಒಂದೂ ಒಡೆಯಲಿಲ್ಲ. ಆದರೂ ಕೇರಿಯ ಒಂಬತ್ತು ಮನೆಯಲ್ಲೂ ಮರಿ ಹುಟ್ಟಿತು. ಏನು ಹೇಳು?"

ಇದನ್ನು ಕೇಳಿದವರು ಗುರುಗಳು. ಕೇಳಿಸಿಕೊಂಡವನು ಅವರ ಶಿಷ್ಯ, ಸಣ್ಣಹೈದನೆಂಬ ಕುಂಬಾರ. ಹಾಗೆ ನೋಡಿದರೆ ಪ್ರಶ್ನೆ ಕೇಳಲು ಬಂದಿದ್ದವನೇ ಅವನು. ಮಟಮಟ ಮಧ್ಯಾಹ್ನ ಎರಡು ಹರದಾರಿ ನಡೆದು ಬಂದು, ನೀರು ಕೂಡ ಕುಡಿಯದೆ ಕೇಳಿದ್ದ:

"ಗುರುಗಳೇ, ಬಲ ಇಲ್ಲದೋರು ‘ಇಲ್ಲ’ ಅನ್ನೋದು ಹೆಂಗೆ?"

ಪ್ರಶ್ನೆ ದೊಡ್ಡದು, ಅದರ ಹಿಂದಿದ್ದ ಸಂಗತಿ ಚಿಕ್ಕದು. ಅವನ ಊರಿನ ಪಟೇಲ ಹೇಳಿ ಕಳಿಸಿದ್ದ: ನಾಳೆ ಬೆಳಿಗ್ಗೆ ಆಳು ಬರುತ್ತಾನೆ, ನಿನ್ನ ಮಗಳನ್ನು ನಮ್ಮ ಮನೆಯ ಚಾಕರಿಗೆ ಕಳಿಸು. ಚಾಕರಿ ಎಂದರೆ ಬಿಟ್ಟಿ ಚಾಕರಿ. ಕೂಲಿಯಿಲ್ಲ, ರಜೆಯಿಲ್ಲ, ಯಾವಾಗ ವಾಪಸು ಬರುವಳೆಂಬ ಮಾತೂ ಇಲ್ಲ. ಸಣ್ಣಹೈದನಿಗೆ ಮಗಳನ್ನು ಕಳಿಸಲು ಮನಸ್ಸಿಲ್ಲ. ಪಟೇಲನ ಆಳಿನೆದುರು ಇಲ್ಲ ಎನ್ನಲು ನಾಲಿಗೆಯಿಲ್ಲ.

ಹೀಗೆ ಉತ್ತರಕ್ಕೆ ಬಂದವನಿಗೆ ಒಗಟು ಸಿಕ್ಕಿತು. ಅವನು ತಲೆ ಕೆರೆದುಕೊಂಡ.

"ಮಡಕೆ ಸುಡೋ ಆವಿಗೆನಾ ಗುರುಗಳೇ?"

"ಕುಂಬಾರನಿಗೆ ಕಂಡದ್ದೆಲ್ಲ ಮಡಕೆ," ಎಂದರು ಗುರುಗಳು. "ಅಲ್ಲ. ಕೂತುಕೋ. ನೀರು ಕುಡಿ. ಕತೆ ಕೇಳು."

ಗುರುಗಳು ಹೇಳಿದ ಕತೆ ಇದು.

ಒಂದೂರು. ಊರಿಗೆ ಒಬ್ಬ ಪಟೇಲ. ಊರಾಚೆ ಒಂಬತ್ತು ಮನೆಗಳ ಕೇರಿ. ಕೇರಿಯ ಕೊನೆಯ ಮನೆಯಲ್ಲಿ ಬುಟ್ಟಿ ಹೆಣೆಯುವವಳೊಬ್ಬಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹಿತ್ತಲಲ್ಲಿ ಬಿದಿರಿನ ಕೋಳಿಗೂಡು. ಗೂಡಿನಲ್ಲಿ ಮೊದಲು ಮೂರು ಕೋಳಿ ಇದ್ದವು. ಈಗ ಇದ್ದದ್ದು ಒಂದು ಚುಕ್ಕಿ ಹೇಂಟೆ.

ಉಳಿದೆರಡು ಎಲ್ಲಿ ಹೋದವು ಎಂದರೆ, ಅಮಲ್ದಾರರ ಹೊಟ್ಟೆಗೆ. ಆ ಊರಿಗೆ ತಿಂಗಳಿಗೊಮ್ಮೆ ಅಮಲ್ದಾರರ ಸವಾರಿ ಬರುತ್ತಿತ್ತು. ಬಂದವರಿಗೆ ಪಟೇಲ ಊಟ ಹಾಕಿಸಬೇಕು. ಊಟ ಎಂದರೆ ಕೋಳಿ. ಕೋಳಿ ಎಂದರೆ ಕೇರಿಯ ಕೋಳಿ. ಪಟೇಲನ ಹಿತ್ತಲಲ್ಲೂ ಇಪ್ಪತ್ತು ಕೋಳಿ ಇದ್ದವು. ಆದರೆ ಅವು ಪಟೇಲನವು.

ಸವಾರಿಯ ಹಿಂದಿನ ದಿನ ಊರ ತಳವಾರ ಕೇರಿಗೆ ಬರುತ್ತಿದ್ದ. ಪಟೇಲನ ಮಾತಿಗೆ ಕಾಲು ಮೂಡಿದರೆ ಹೇಗೋ ಹಾಗೆ ಈ ತಳವಾರ. ಯಾವ ಮನೆಯ ಸರದಿಯೋ ಆ ಮನೆಯ ಕೋಳಿಯ ಕಾಲು ಹಿಡಿದು, ತಲೆಕೆಳಗಾಗಿ ನೇತಾಡಿಸಿಕೊಂಡು ಹೋಗುತ್ತಿದ್ದ. ಕೋಳಿಯ ತಲೆ ಮತ್ತು ಕಾಲು ಅವನ ಪಾಲು. ಆದ್ದರಿಂದ ಅವನು ಕೋಳಿಯನ್ನು ನೋಡುವಾಗ ತಲೆ ಮತ್ತು ಕಾಲು ಎರಡನ್ನೇ ನೋಡುತ್ತಿದ್ದ.

ಹೀಗೆ ಹೋದ ವರ್ಷ ಬುಟ್ಟಿಯವಳ ಹುಂಜ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಕರಿ ಹೇಂಟೆ ಹೋಯಿತು. ಚುಕ್ಕಿಯೂ ಹೋದರೆ ಗೂಡಿಗೆ ಬೀಜವೇ ಇಲ್ಲ. ಮೊಟ್ಟೆ ಇಲ್ಲ, ಮೊಟ್ಟೆ ಇಲ್ಲದಿದ್ದರೆ ಸಂತೆಯಿಂದ ಉಪ್ಪು ಇಲ್ಲ, ಮೆಣಸು ಇಲ್ಲ. ಬಿದಿರು ಸಿಗದ ತಿಂಗಳಲ್ಲಿ ಅವಳನ್ನು ಸಾಕುತ್ತಿದ್ದದ್ದು ಆ ಕೋಳಿಯೇ.

ಆದರೂ ಅವಳೇನು ಚುಕ್ಕಿಯನ್ನು ಮುದ್ದು ಮಾಡಿದವಳಲ್ಲ. ಹೇಂಟೆ ಕಾವು ಕೂತರೆ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಬಡವರಿಗೆ ಮರಿಗಿಂತ ಮೊಟ್ಟೆ ಅವಸರ. ಚುಕ್ಕಿ ಐದು ಸಲ ಕಾವು ಕೂತಿತ್ತು. ಐದು ಸಲವೂ ಬುಟ್ಟಿಯವಳು ಅದರ ಕಾವು ಬಿಡಿಸಿದ್ದಳು. ಮೊದಲು ತಣ್ಣೀರಿನಲ್ಲಿ ಅದ್ದುವುದು. ಬಗ್ಗದಿದ್ದರೆ ಕಾಲು ಕಟ್ಟಿ ಬಿಸಿಲಿಗೆ ಹಾಕುವುದು. ಅದಕ್ಕೂ ಬಗ್ಗದಿದ್ದರೆ ಅದರದೇ ಗರಿಯೊಂದನ್ನು ಕಿತ್ತು, ಒಂದು ಮೂಗಿನ ಹೊಳ್ಳೆಯಿಂದ ಇನ್ನೊಂದಕ್ಕೆ ತೂರಿಸಿ ಬಿಡುವುದು. ಮೂಗಿನಲ್ಲಿ ಗರಿ ಇರುವ ಕೋಳಿಗೆ ಮಕ್ಕಳು ಮರಿ ಯಾವುದೂ ನೆನಪಾಗುವುದಿಲ್ಲ. ಮೂರು ದಿನ ತಲೆ ಕೊಡವುತ್ತಾ ತಿರುಗಿ, ಸುಮ್ಮನೆ ಮತ್ತೆ ಮೊಟ್ಟೆ ಇಡುತ್ತದೆ.

ಆರನೆಯ ಸಲ ಚುಕ್ಕಿ ಕಾವು ಕೂತಿತು. ಕೆಳಗೆ ಒಂದು ಮೊಟ್ಟೆಯೂ ಇರಲಿಲ್ಲ. ಮೊಟ್ಟೆಗಳೆಲ್ಲ ಹಿಂದಿನ ದಿನದ ಸಂತೆಯಲ್ಲಿ ಉಪ್ಪು ಮೆಣಸಾಗಿದ್ದವು. ಆದರೂ ಅದು ಬರಿಯ ಹುಲ್ಲಿನ ಮೇಲೆ ಮೈ ಉಬ್ಬಿಸಿ ಕೂತು, ಹತ್ತಿರ ಬಂದವರಿಗೆಲ್ಲ ಗೊರ್ರೆನ್ನುತ್ತಿತ್ತು. ಅದ್ದಿದ್ದಾಯಿತು. ಕಟ್ಟಿದ್ದಾಯಿತು. ಬುಟ್ಟಿಯವಳು ಕೊನೆಗೆ ಅದರ ರೆಕ್ಕೆಯಿಂದ ಒಂದು ಗರಿ ಕಿತ್ತು, ಮೂಗಿನ ಹತ್ತಿರ ಹಿಡಿದಳು.

ಆಗ ಹಿತ್ತಲ ಬೇಲಿಯ ಹೊರಗೆ ಕೆಮ್ಮು ಕೇಳಿಸಿತು. ತಳವಾರ.

"ನಾಳೆ ಸವಾರಿ ಅದೆ. ಸರದಿ ನಿಂದು. ತಾ ಕೋಳಿಯ."

ಗರಿ ಬುಟ್ಟಿಯವಳ ಕೈಯಲ್ಲೇ ಇತ್ತು. ಅವಳು ಗರಿಯನ್ನು ನೋಡಿದಳು. ಕೋಳಿಯನ್ನು ನೋಡಿದಳು. ಗರಿಯನ್ನು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

"ಕಾವು ಕೂತದಲ್ಲಣ್ಣ," ಎಂದಳು.

ಇಲ್ಲಿ ಆ ಊರಿನ ಒಂದು ಕಟ್ಟಳೆಯನ್ನು ಹೇಳಬೇಕು. ಕೋಳಿಯ ಕೆಳಗೆ ಮೊಟ್ಟೆ ಇಟ್ಟು, ಮೊಟ್ಟೆಗಳಿಗೆ ಇದ್ದಿಲಿನಲ್ಲಿ ಮಸಿಗೀಟು ಎಳೆದ ಮೇಲೆ ಆ ಕೋಳಿಗೆ ಕತ್ತಿಯಿಲ್ಲ. ಸಾಕಿದವರ ಕೈ ಬಿಟ್ಟು ಬೇರೆಯವರ ಕೈ ಆ ಬುಟ್ಟಿಯೊಳಗೆ ಹೋಗಬಾರದು. ಹೋದರೆ, ಕೈ ಹಾಕಿದವನ ಮನೆಯ ತೊಟ್ಟಿಲು ಬರಿದಾಗುತ್ತದೆ. ಇದನ್ನು ಕೇರಿಯವರೂ ನಂಬಿದ್ದರು, ಪಟೇಲನೂ ನಂಬಿದ್ದ. ಕೇರಿ ಮತ್ತು ಪಟೇಲ ಒಪ್ಪಿಕೊಂಡಿದ್ದ ಮಾತು ಆ ಊರಿನಲ್ಲಿ ಅದೊಂದೇ.

ತಳವಾರ ಬೇಲಿಯ ಮೇಲಿಂದ ಕತ್ತು ಚಾಚಿದ.

"ಮೊಟ್ಟೆ ಇಟ್ಟಿದ್ದೀಯಾ?"

"ಇಟ್ಟಿದ್ದೀನಿ."

"ಮಸಿಗೀಟು?"

"ಎಳೀದೆ ಇರ್ತೀನಾ?"

"ಸಂಜೆ ಬಂದು ನೋಡ್ತೀನಿ. ಗೀಟು ಇಲ್ದೆ ಹೋದ್ರೆ ಕೋಳಿ ಜೊತೆಗೆ ನಿನ್ನೂ ನೇತಾಕ್ಕೊಂಡು ಹೋಗ್ತೀನಿ, ತಿಳ್ಕೋ."

ಇಲ್ಲಿ ಸಣ್ಣಹೈದ ಬಾಯಿ ಹಾಕಿದ. "ಸುಳ್ಳು ಹೇಳಿದಳಲ್ಲ ಗುರುಗಳೇ!"

"ಹೇಳಿದಳು," ಎಂದರು ಗುರುಗಳು. "ನಿನ್ನ ನಾಲಿಗೆಗೆ ಅದೂ ಬರಲಿಲ್ಲವಲ್ಲ. ಮುಂದೆ ಕೇಳು."

ಸುಳ್ಳು ಹೇಳುವುದು ಸುಲಭ, ಸಂಜೆಯೊಳಗೆ ಅದಕ್ಕೆ ಮೈ ಕೊಡುವುದು ಕಷ್ಟ. ಮನೆಯಲ್ಲಿ ಒಂದು ಮೊಟ್ಟೆಯಿಲ್ಲ. ನೆರೆಯವರನ್ನು ಕೇಳಿದರೆ ಮೊಟ್ಟೆ ಮನೆಗೆ ಬರುವ ಮೊದಲು ಸುದ್ದಿ ಪಟೇಲನ ಚಾವಡಿಗೆ ಹೋಗುತ್ತದೆ. ಬುಟ್ಟಿಯವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಹಳ್ಳದ ಕಡೆ ಓಡಿದಳು. ನೀರಿನಲ್ಲಿ ಉರುಳಿ ಉರುಳಿ ನುಣುಪಾದ ಕಲ್ಲುಗಳನ್ನು ಹುಡುಕಿದಳು. ಉದ್ದ ಹೆಚ್ಚಾದದ್ದನ್ನು ಬಿಟ್ಟಳು, ಚಪ್ಪಟೆಯಾದದ್ದನ್ನು ಬಿಟ್ಟಳು. ಹನ್ನೊಂದು ಆರಿಸಿದಳು. ಕಾವಿಗೆ ಬೆಸ ಸಂಖ್ಯೆಯೇ ಆಗಬೇಕು. ಸುಳ್ಳೇ ಆದರೂ ಕ್ರಮ ತಪ್ಪಬಾರದು.

ಕಲ್ಲುಗಳನ್ನು ಸುಣ್ಣದ ತಿಳಿಯಲ್ಲಿ ಅದ್ದಿ, ಬಿಸಿಲಿಗಿಟ್ಟು ಬೆಚ್ಚಗೆ ಮಾಡಿದಳು. ಒಂದೊಂದಕ್ಕೂ ಒಂದೊಂದು ಮಸಿಗೀಟು ಎಳೆದಳು. ಬುಟ್ಟಿಗೆ ಬೂದಿ ಹರಡಿ, ಮೇಲೆ ಹುಲ್ಲು ಹಾಸಿ, ಹೇನು ಹತ್ತದಿರಲಿ ಎಂದು ಬೇವಿನ ಸೊಪ್ಪು ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಎಲ್ಲರೂ ಇಡುವಂತೆ ಒಂದು ಕಬ್ಬಿಣದ ಚೂರು, ಎರಡು ಒಣಮೆಣಸಿನಕಾಯಿ ಇಟ್ಟಳು. ಗುಡುಗಿಗೆ ಕಲ್ಲು ಕೆಡುತ್ತದೆಯೇ ಎಂದು ಅವಳಿಗೂ ನಗು ಬಂತು. ಆದರೂ ಇಟ್ಟಳು.

ಚುಕ್ಕಿಯನ್ನು ತಂದು ಮೇಲೆ ಬಿಟ್ಟಳು. ಚುಕ್ಕಿ ಒಂದು ಕಲ್ಲನ್ನು ಕೊಕ್ಕಿನಿಂದ ಕುಟ್ಟಿ ನೋಡಿತು. ಇನ್ನೊಂದನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು. ಆಮೇಲೆ ರೆಕ್ಕೆ ಹರಡಿ, ಹನ್ನೊಂದನ್ನೂ ಮುಚ್ಚಿ ಕೂತಿತು. ಐದು ಸಲ ಕಿತ್ತುಕೊಂಡಿದ್ದನ್ನು ಆರನೆಯ ಸಲ ಕೊಟ್ಟಿದ್ದರು. ಅದು ಕಲ್ಲೋ ಮೊಟ್ಟೆಯೋ ಎಂದು ಚುಕ್ಕಿ ಕೇಳಲಿಲ್ಲ.

ಸಂಜೆ ತಳವಾರ ಬಂದ. ಬುಟ್ಟಿಯವಳು ಚುಕ್ಕಿಯ ರೆಕ್ಕೆಯ ಅಂಚನ್ನು ಬೆರಳಿನಿಂದ ಎತ್ತಿ ತೋರಿಸಿದಳು. ಬೆಳ್ಳಗೆ ದುಂಡಗೆ ಏನೋ ಕಂಡಿತು, ಅದರ ಮೇಲೆ ಕಪ್ಪು ಗೀಟು ಕಂಡಿತು. ಚುಕ್ಕಿ ಅವನ ಮೀಸೆಗೇ ಹಾರುವಂತೆ ಗೊರ್ರೆಂದಿತು. ತಳವಾರ ಎರಡು ಹೆಜ್ಜೆ ಹಿಂದೆ ಸರಿದು, ಅವಳ ಮನೆಯ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದ.

"ಇಪ್ಪತ್ತೊಂದು ಗೆರೆ. ದಿನಕ್ಕೊಂದು ಎಳೀತಾ ಬಾ. ಆಮೇಲೆ ತಾಯಿನೂ ನಮ್ಮದು, ಮರಿನೂ ನಮ್ಮದು."

ಹಾಗೆಂದು ಪಕ್ಕದ ಮನೆಗೆ ಹೋಗಿ, ಅಗಸಗಿತ್ತಿಯ ಕೋಳಿಯ ಕಾಲು ಹಿಡಿದ.

ಇದನ್ನು ಬುಟ್ಟಿಯವಳು ಯೋಚಿಸಿರಲಿಲ್ಲ.

ಅಗಸಗಿತ್ತಿ ಬೇಲಿಗೆ ಬಂದು ನಿಂತಳು. ಕೇರಿಯಲ್ಲಿ ಅವಳ ಬಾಯಿಗೆ ಎದುರು ಬಾಯಿ ಇರಲಿಲ್ಲ.

"ಏನೇ ಮಾರಾಯ್ತಿ, ನಿನ್ ಕೋಳಿ ಬಾಣಂತನ ಮಾಡ್ಕೊಂಡು ಕೂತ್ಕೋಬೇಕು, ನನ್ ಕೋಳಿ ಸಾರಾಗ್ಬೇಕು, ಅಲ್ವಾ? ನಿನ್ ಸರದೀನ ನನ್ ತಲೆಗೆ ಕಟ್ಟಿ ಬುಟ್ಟಿ ಹೆಣೀತಾ ಕೂತ್ಯಾ? ನಿನ್ ಕೋಳಿ ಇಟ್ಟಿದ್ದು ಯಾವ ಮೊಟ್ಟೆ? ನಿನ್ನೆ ಸಂತೇಲಿ ಎಲ್ಲಾನೂ ಮಾರಿದ್ದು ನಾನ್ ನೋಡ್ಲಿಲ್ವಾ?"

ಬುಟ್ಟಿಯವಳು ತಲೆ ತಗ್ಗಿಸಿದಳು. ಬೈಗುಳ ಅವಳಿಗೆ ಹೊಸದಲ್ಲ. ಆದರೆ ಈ ಬೈಗುಳ ನಿಜವಾಗಿತ್ತು. ಅವಳು ಬೇಲಿಯ ಮುಳ್ಳು ಸರಿಸಿದಳು.

"ಅಕ್ಕಾ, ಒಳಗೆ ಬಾ. ಮೊದಲು ಕೈಲಿ ಹಿಡಿದು ನೋಡು, ಆಮೇಲೆ ಬಯ್ಯಿ."

ಒಂದು ಕಲ್ಲನ್ನು ತೆಗೆದು ಅಗಸಗಿತ್ತಿಯ ಕೈಯಲ್ಲಿಟ್ಟಳು. ಅಗಸಗಿತ್ತಿ ಕೈಯಲ್ಲಿ ತೂಗಿ ನೋಡಿದಳು. ಹಲ್ಲಿಗೆ ತಾಕಿಸಿ ನೋಡಿದಳು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ನಕ್ಕು ನಕ್ಕು ಗೂಡಿನ ಪಕ್ಕದಲ್ಲೇ ಕುಸಿದು ಕೂತಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ನನ್ಹತ್ರ ಇನ್ನೊಂದು ಹೇಂಟೆ ಅದೆ. ಆದ್ರೆ ಅದಕ್ಕೆ ಕಾವು ಬಂದಿಲ್ವಲ್ಲೇ."

"ಬರಿಸೋಣ ಬಿಡು," ಎಂದಳು ಬುಟ್ಟಿಯವಳು.

ಕಾವು ಬಿಡಿಸಲು ಬಲ್ಲವಳಿಗೆ ಕಾವು ಬರಿಸಲೂ ಗೊತ್ತು. ಕಲ್ಲುಗಳ ಮೇಲೆ ಹೇಂಟೆಯನ್ನು ಕೂರಿಸಿ, ಮೇಲೊಂದು ಬುಟ್ಟಿ ಬೋರಲು ಹಾಕಿ, ಬೆಳಕು ಬೀಳದ ಹಾಗೆ ಗೋಣಿ ಹೊದಿಸಿಡುವುದು. ಹೊತ್ತಿಗೊಮ್ಮೆ ತೆಗೆದು ಮೇವು ನೀರು ಕೊಡುವುದು, ಮತ್ತೆ ಮುಚ್ಚುವುದು. ನಾಲ್ಕೈದು ದಿನದಲ್ಲಿ ಅರ್ಧಕ್ಕರ್ಧ ಕೋಳಿಗಳು ತಾವು ತಾಯಂದಿರೆಂದು ಒಪ್ಪಿಕೊಳ್ಳುತ್ತವೆ. ಒಪ್ಪದವು ಕತ್ತಲಿಗೆ ಹೆದರಿ ಸುಮ್ಮನೆ ಕೂರುತ್ತವೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ.

ಬುಟ್ಟಿಯವಳು ಆ ತಿಂಗಳು ಸಂತೆಗೆ ಹೋಗಲಿಲ್ಲ. ಮನೆಗೊಂದರಂತೆ ಬುಟ್ಟಿ ಹೆಣೆದಳು. ಅಗಸಗಿತ್ತಿ ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಾಗಲೆಲ್ಲ ಒದ್ದೆ ಬಟ್ಟೆಯ ಗಂಟಿನಲ್ಲಿ ಕಲ್ಲು ತಂದಳು. ಒಂದೊಂದಾಗಿ ಕೇರಿಯ ಒಂಬತ್ತು ಮನೆಯ ಕೋಳಿಗಳೂ ಕಾವು ಕೂತವು. ಇರುವ ಒಂದಿಷ್ಟು ನಿಜವಾದ ಮೊಟ್ಟೆಗಳನ್ನು ಕೇರಿಯವರೇ ತಿಂದರು. ಬಹಳ ದಿನಗಳ ಮೇಲೆ ತಿಂದರು.

ಇಪ್ಪತ್ತೊಂದು ಗೆರೆ ತುಂಬಿತು. ತಳವಾರ ಬಂದ. ಮರಿಯ ಕೂಗಿಲ್ಲ.

"ಎಲ್ಲೇ ಮರಿ?"

"ಬಾತುಕೋಳಿ ಮೊಟ್ಟೆ ಇಟ್ಟಿದ್ದೆ ಕಣಣ್ಣ. ಅದಕ್ಕೆ ಇಪ್ಪತ್ತೆಂಟು ದಿನ ಬೇಕು."

ಬಾತುಕೋಳಿಗೆ ಇಪ್ಪತ್ತೆಂಟು ದಿನ ಬೇಕೆಂಬುದು ತಳವಾರನಿಗೂ ಗೊತ್ತಿತ್ತು. ಆ ಊರಿನಲ್ಲಿ ಬಾತುಕೋಳಿಯೇ ಇಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ. ಬಾತಿನ ತಲೆ ಎಷ್ಟು ದಪ್ಪ ಇರಬಹುದು ಎಂದು ಯೋಚಿಸುತ್ತಾ ಹೋದ.

ಆದರೆ ಬುಟ್ಟಿಯವಳಿಗೆ ಬೇರೆ ಚಿಂತೆ ಹತ್ತಿತ್ತು. ಕಾವು ಕೂತ ಕೋಳಿ ದಿನಕ್ಕೊಮ್ಮೆ ಎದ್ದು, ಗಬಗಬ ನಾಲ್ಕು ಕಾಳು ತಿಂದು, ಮಣ್ಣಿನಲ್ಲಿ ಹೊರಳಿ ಮತ್ತೆ ಓಡಿ ಬರುತ್ತದೆ. ಅಷ್ಟೇ ಅದರ ಊಟ. ಇಪ್ಪತ್ತೊಂದು ದಿನಕ್ಕೆ ಅದರ ಮೈ ತಡೆಯುತ್ತದೆ, ಆಮೇಲಿನದಕ್ಕೆ ತಡೆಯುವುದಿಲ್ಲ. ಚುಕ್ಕಿಯ ಕೆಂಪು ಜುಟ್ಟು ಬಿಳಿಚಿಕೊಂಡಿತು. ಎತ್ತಿದರೆ ಗರಿಯಷ್ಟೇ ಭಾರ. ಎಬ್ಬಿಸಿದರೆ ಕತ್ತಿ, ಎಬ್ಬಿಸದಿದ್ದರೆ ಹಸಿವು. ಅವಳು ರಾಗಿ ನೆನೆಸಿ, ಕೋಳಿಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕಾಳು ಕಾಳಾಗಿ ತಿನ್ನಿಸಿದಳು. ತುರುಬಿನಲ್ಲಿದ್ದ ಗರಿಯ ತುದಿಯಿಂದ ಹನಿ ಹನಿಯಾಗಿ ನೀರು ಕುಡಿಸಿದಳು. ಚುಕ್ಕಿ ಅವಳ ಕೈಯನ್ನು ಕುಕ್ಕುವುದನ್ನು ಬಿಟ್ಟಿತ್ತು.

"ಎದ್ದೇಳಬೇಡ ಕಣೆ ತಾಯಿ," ಎಂದಳು. "ನೀನು ಎದ್ರೆ ನಾನೂ ಹೋದೆ."

ಮೂವತ್ತನೆಯ ದಿನ ತಳವಾರ ಮತ್ತೆ ಬಂದ. ಮಾರನೆಯ ದಿನ ಅಮಲ್ದಾರರ ಸವಾರಿ. ಈ ಸಲ ಅವನು ಕೊನೆಯ ಮನೆಗೆ ಹೋಗಲಿಲ್ಲ. ಮೊದಲನೆಯ ಮನೆಗೆ ಹೋದ. ಕೋಳಿ ಕಾವು ಕೂತಿತ್ತು. ಎರಡನೆಯ ಮನೆ, ಕಾವು. ಮೂರನೆಯ ಮನೆ, ಕಾವು. ನಾಲ್ಕನೆಯ ಮನೆಯಲ್ಲಿ ಚಮ್ಮಾರ ಮುದುಕನೊಬ್ಬನಿದ್ದ. ಅವನ ಮನೆಯಲ್ಲಿ ಹೇಂಟೆಯೇ ಇರಲಿಲ್ಲ, ಇದ್ದದ್ದು ಒಂದು ಹುಂಜ. ಕೇರಿಯೆಲ್ಲ ಕಾವು ಕೂತಿರುವಾಗ ತಾನೊಬ್ಬ ಹಿಂದೆ ಬೀಳಬಾರದೆಂದು ಅವನು ಹುಂಜವನ್ನೇ ಬುಟ್ಟಿಯಡಿ ಕೂರಿಸಿದ್ದ. ತಳವಾರ ಬಾಗಿಲಿಗೆ ಬಂದ ಹೊತ್ತಿಗೆ ಸರಿಯಾಗಿ ಬುಟ್ಟಿ ‘ಕೊಕ್ಕೊಕ್ಕೋ’ ಎಂದು ಕೂಗಿತು.

"ಏನಯ್ಯ ಇದು? ಹುಂಜ!"

"ಹೌದು ಕಣಪ್ಪ. ಕಾವು ಕೂತದೆ."

"ಹುಂಜ ಕಾವು ಕೂರ್ತದೇನಯ್ಯ?"

"ಯಾಕೆ ಕೂರಬಾರದು? ನಮ್ಮ ಪಟೇಲ್ರು ಇಪ್ಪತ್ತು ವರ್ಷದಿಂದ ಚಾವಡೀಲಿ ಕೂತವ್ರೆ. ಒಂದು ಮರಿನಾದ್ರೂ ಆಯ್ತಾ? ನಾವೇನಾದ್ರೂ ಕೇಳಿದ್ವಾ?"

ಈ ಮಾತು ತಳವಾರನ ಕಿವಿಯಿಂದ ಹೊರಟು ಪಟೇಲನ ಕಿವಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಪಟೇಲ ಕೇರಿಗೆ ಬಂದ. ಅವನು ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಅದುವರೆಗೆ ಅವನ ಪರವಾಗಿ ತಳವಾರನ ಕಾಲುಗಳೇ ಬರುತ್ತಿದ್ದವು. ಅವನು ಸೀದಾ ಕೊನೆಯ ಮನೆಗೆ ನಡೆದ. ಗೋಡೆಯ ಮೇಲಿನ ಗೆರೆಗಳನ್ನು ನೋಡಿದ. ಚುಕ್ಕಿಯನ್ನು ನೋಡಿದ.

"ಏನಮ್ಮಿ, ನಿನ್ನ ಕೋಳಿ ಆನೆ ಮರಿ ಹಾಕ್ತದಾ? ಇನ್ನೂ ಎಷ್ಟು ದಿನ ಬೇಕು?"

"ಅದು ಕೂತವಳಿಗೆ ಗೊತ್ತು ಬುದ್ಧಿ. ನಾನು ಕೇಳಿಲ್ಲ."

"ಎಬ್ಬಿಸು. ಕೆಳಗೆ ಏನದೆ ನೋಡ್ಬೇಕು."

ಮೂವತ್ತು ದಿನ ಬುಟ್ಟಿಯವಳು ಕಲ್ಲಿನ ಹಿಂದೆ, ಬಾತುಕೋಳಿಯ ಹಿಂದೆ, ಕಟ್ಟಳೆಯ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಈಗ ಹಿಂದೆ ಸರಿಯಲು ಜಾಗವಿರಲಿಲ್ಲ. ಹೊಸ ಸುಳ್ಳು ಹುಡುಕಿದಳು, ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ನಾನು ಎಬ್ಬಿಸಲ್ಲ," ಎಂದಳು.

"ಏನಂದೆ?"

"ಎಬ್ಬಿಸಲ್ಲ ಅಂದೆ. ಇದಕ್ಕೆ ಐದು ಸಲ ನಾನೇ ಗರಿ ಚುಚ್ಚಿ ಎಬ್ಬಿಸಿದ್ದೀನಿ. ಆರನೇ ಸಲ ನನ್ನ ಕೈಲಿ ಆಗಲ್ಲ. ಕೆಳಗೆ ಮೊಟ್ಟೆ ಇರಲಿ, ಕಲ್ಲಿರಲಿ, ಕೂತವಳು ಕೂತವಳೇ. ಬೇಕಿದ್ರೆ ಇಗೋ ಬುಟ್ಟಿ, ಇಗೋ ಕೋಳಿ. ನೀವೇ ಕೈ ಹಾಕಿ."

ಹಾಗೆಂದವಳು ಬುಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಪಟೇಲನ ಎದುರು ಆ ಕೇರಿಯವರು ಯಾರೂ ಕೂತವರಲ್ಲ.

ಪಟೇಲನ ಮನೆಯಲ್ಲಿ ಸೊಸೆಗೆ ಒಂಬತ್ತು ತಿಂಗಳು ತುಂಬಿತ್ತು. ಅದು ಪಟೇಲನಿಗೆ ಗೊತ್ತು, ಬುಟ್ಟಿಯವಳಿಗೆ ಗೊತ್ತು, ನೋಡುತ್ತಾ ನಿಂತ ಎಲ್ಲರಿಗೂ ಗೊತ್ತು. ಅವನು ಬೇಲಿಯಾಚೆ ತಿರುಗಿ ಅಗಸಗಿತ್ತಿಗೆ ಕೂಗಿದ.

"ಏಯ್, ನಿನ್ನದನ್ನ ಎಬ್ಬಿಸು."

ಅಗಸಗಿತ್ತಿ ತನ್ನ ಬುಟ್ಟಿಯ ಪಕ್ಕದಲ್ಲಿ ಕೂತಳು. "ನಾನೂ ಎಬ್ಬಿಸಲ್ಲ," ಎಂದಳು. ಅವಳಾಚೆಯ ಮನೆಯವನು ಕೂತ. "ನಾನೂ." ಮಾತು ಮನೆಯಿಂದ ಮನೆಗೆ ಹೋಯಿತು. ಚಮ್ಮಾರ ಮುದುಕ ಕೂರಲು ಸ್ವಲ್ಪ ಹೊತ್ತು ತೆಗೆದುಕೊಂಡ, ಮಂಡಿ ನೋವಿತ್ತು. ಕೂತ ಮೇಲೆ ಅವನೂ ಅಂದ. ಅವನ ಬುಟ್ಟಿಯೂ ಇನ್ನೊಮ್ಮೆ ಕೂಗಿತು. ಒಂಬತ್ತು ಮನೆ, ಒಂಬತ್ತು ಬುಟ್ಟಿ, ಒಂಬತ್ತು ‘ಇಲ್ಲ’. ಅಂಥ ಮಾತು ಆ ಕೇರಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

"ಒಗಟಿನ ಮರಿ ಅದು," ಎಂದರು ಗುರುಗಳು. ಸಣ್ಣಹೈದ ತಲೆಯಾಡಿಸಿದ. ಅವನ ಕೈಯಲ್ಲಿದ್ದ ನೀರಿನ ಚೊಂಬು ಹಾಗೇ ಇತ್ತು.

ಪಟೇಲ ಒಂದು ಗಳಿಗೆ ನಿಂತ. ಹಿಂದೆ ನೋಡಿದರೆ ತಳವಾರ. ಮುಂದೆ ನೋಡಿದರೆ ಕೂತ ಕೇರಿ. ಅವನು ಅಂಗಿಯ ತೋಳು ಮೇಲಕ್ಕೆ ಸರಿಸಿದ. ಬಾಗಿ, ಚುಕ್ಕಿ ಕೂತಿದ್ದ ಬುಟ್ಟಿಯೊಳಗೆ ಕೈ ಹಾಕಿದ.

"ಆಮೇಲೆ?" ಎಂದ ಸಣ್ಣಹೈದ.

ಚುಕ್ಕಿಗೆ ನಿಲ್ಲಲು ತ್ರಾಣವಿರಲಿಲ್ಲ, ಕುಕ್ಕಲು ಇತ್ತು. ಪಟೇಲನ ಮುಂಗೈಯಲ್ಲಿ ರಕ್ತ ಬಂತು. ಆದರೂ ಅವನು ಕೈ ಹಿಂತೆಗೆಯದೆ ಹೊಟ್ಟೆಯಡಿ ತಡಕಿ ಒಂದನ್ನು ಹೊರಗೆ ತೆಗೆದ. ಕಲ್ಲು. ಸುಣ್ಣ ಉದುರಿತ್ತು, ಮಸಿಗೀಟು ಅಳಿಸಿತ್ತು.

ಕಲ್ಲು ಬೆಚ್ಚಗಿತ್ತು. ಮೂವತ್ತು ದಿನದ ಕಾವು. ಪಟೇಲ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಬಿಳಿಚಿದ ಜುಟ್ಟಿನ ಕೋಳಿಯನ್ನು ನೋಡಿದ. ಅದರ ಪಕ್ಕ ಕೂತವಳನ್ನು ನೋಡಿದ. ಮನೆಯಲ್ಲಿ ಹೊಟ್ಟೆ ಹಿಡಿದು ಕೂತಿರುವ ಸೊಸೆ ನೆನಪಾದಳು. ಅವನು ಮೆಲ್ಲಗೆ ಕಲ್ಲನ್ನು ಇದ್ದಲ್ಲಿಯೇ ಇಟ್ಟ. ಚುಕ್ಕಿ ಅದನ್ನು ಕೊಕ್ಕಿನಿಂದ ಒಳಗೆ ಎಳೆದುಕೊಂಡಿತು.

"ಮೊಟ್ಟೆ ಚೆನ್ನಾಗವೆ," ಎಂದ ಪಟೇಲ, ಎಲ್ಲರಿಗೂ ಕೇಳುವಂತೆ. "ಇನ್ನೂ ಕೊಂಚ ದಿನ ಬೇಕು."

ಮಾರನೆಯ ದಿನ ಅಮಲ್ದಾರರು ಪಟೇಲನ ಹಿತ್ತಲಿನ ಕೋಳಿಯನ್ನೇ ಉಂಡರು. ಪಟೇಲನ ಸೊಸೆಗೆ ಸುಖವಾಗಿ ಹೆರಿಗೆಯಾಯಿತು. ಪಟೇಲನ ಮನೆಯಿಂದ ಹನ್ನೊಂದು ನಿಜವಾದ ಮೊಟ್ಟೆಗಳು ಕೇರಿಯ ಕೊನೆಯ ಮನೆಗೆ ಬಂದವು. ಚುಕ್ಕಿ ಮೈ ತುಂಬಿಕೊಂಡ ಮೇಲೆ ಅವುಗಳ ಮೇಲೆ ಕೂತಿತು, ಹನ್ನೊಂದೂ ಮರಿಯಾದವು. ಅಂದಿನಿಂದ ಆ ಊರಿನಲ್ಲಿ ಬಿಟ್ಟಿ ಕೋಳಿ ಎಂಬ ಮಾತೇ ಹೋಯಿತು.

ಸಣ್ಣಹೈದ ನಿಟ್ಟುಸಿರು ಬಿಟ್ಟ. ಚೊಂಬಿನ ನೀರನ್ನು ಗಟಗಟ ಕುಡಿದು ಮೀಸೆ ಒರೆಸಿಕೊಂಡ. ಮುಖದಲ್ಲಿ ಗೆಲುವು ಬಂದಿತ್ತು.

"ಅಂದ್ರೆ ಗುರುಗಳೇ, ನಾಳೆ ನಾನೂ ಬಾಗಿಲಲ್ಲಿ ಕೂತು, ಮಗಳನ್ನ ಕಳಿಸಲ್ಲ ಅಂದ್ರೆ, ನಮ್ಮ ಪಟೇಲನ ಮನಸ್ಸೂ ಹಿಂಗೇ ಕರಗ್ತದೆ ಅನ್ನಿ!"

ಗುರುಗಳು ಎದ್ದು ಪಂಚೆಯ ಧೂಳು ಕೊಡವಿಕೊಂಡರು.

"ಪಟೇಲ ಬುಟ್ಟಿಯೊಳಗೆ ಕೈ ಹಾಕಿದನಲ್ಲ, ಅಲ್ಲಿಯ ತನಕ ನಿಜವಾಗಿ ನಡೆದದ್ದು. ಆಮೇಲಿನದು ನಾನು ಕಟ್ಟಿದ್ದು."

ಸಣ್ಣಹೈದ ಖಾಲಿ ಚೊಂಬನ್ನು ಕೆಳಗಿಟ್ಟು, ಊರಿನ ದಾರಿ ಹಿಡಿದ.